ಫ್ರೆಡ್ಡಿ ಪ್ರಶಸ್ತಿಗಳು

ಫ್ರೆಡ್ಡಿ ಪ್ರಶಸ್ತಿಗಳು ವಿಮಾನಯಾನ ಸಂಸ್ಥೆಗಳು ಮತ್ತು ಹೋಟೆಲ್ ಸಮೂಹಗಳು ನಡೆಸುವ ನಿಷ್ಠಾ ಯೋಜನೆಗಳಿಗೆ ಪ್ರಯಾಣಿಕರ ಮತಗಳ ಆಧಾರದ ಮೇಲೆ ನೀಡಲಾಗುವ ಅಂತರರಾಷ್ಟ್ರೀಯ ಪ್ರಶಸ್ತಿಗಳು. ಅಮೆರಿಕದ ಪ್ರಕಾಶಕ ರ‍್ಯಾಂಡಿ ಪೀಟರ್ಸನ್ 1988ರಲ್ಲಿ ಇವುಗಳನ್ನು ಆರಂಭಿಸಿದರು. ಬ್ರಿಟನ್ನಿನ ವಿಮಾನೋದ್ಯಮಿ ಸರ್ ಫ್ರೆಡ್ಡಿ ಲೇಕರ್ ಅವರ ಗೌರವಾರ್ಥವಾಗಿ ಈ ಹೆಸರನ್ನು ಇಡಲಾಗಿದೆ. ಇಲ್ಲಿ ವಿಜೇತರನ್ನು ತೀರ್ಪುಗಾರರ ಮಂಡಲಿಯು ಆರಿಸುವುದಿಲ್ಲ. ಯೋಜನೆಯ ಸದಸ್ಯರೇ ಆರಿಸುತ್ತಾರೆ. ಭಾರತದ ಯೋಜನೆಗಳಲ್ಲಿ ಬೆಂಗಳೂರಿನ ಯುಬಿ ಸಮೂಹಕ್ಕೆ ಸೇರಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಕಿಂಗ್ ಕ್ಲಬ್ ಹಾಗೂ ಜೆಟ್ ಏರ್‌ವೇಸ್‌ನ ಜೆಟ್‌ಪ್ರಿವಿಲೇಜ್ ಈ ಪ್ರಶಸ್ತಿಗಳನ್ನು ಪಡೆದಿವೆ.

ನಿಷ್ಠಾ ಯೋಜನೆಯ ಸ್ವರೂಪ

ಒಂದೇ ಸಂಸ್ಥೆಯ ವಿಮಾನದಲ್ಲಿ ಮತ್ತೆ ಮತ್ತೆ ಪ್ರಯಾಣಿಸುವ ಅಥವಾ ಒಂದೇ ಸಮೂಹದ ಹೋಟೆಲುಗಳಲ್ಲಿ ತಂಗುವ ಗ್ರಾಹಕರಿಗೆ ಅಂಕಗಳನ್ನು ನೀಡಿ, ಆ ಅಂಕಗಳಿಗೆ ಪ್ರತಿಯಾಗಿ ಉಚಿತ ಟಿಕೆಟ್, ಕೊಠಡಿ ಅಥವಾ ಮೇಲ್ದರ್ಜೆಯ ಆಸನವನ್ನು ಒದಗಿಸುವ ವ್ಯವಸ್ಥೆಯೇ ನಿಷ್ಠಾ ಯೋಜನೆ. ವಿಮಾನಯಾನದಲ್ಲಿ ಈ ಅಂಕಗಳನ್ನು ಸಾಮಾನ್ಯವಾಗಿ ಮೈಲಿ ಎಂದು ಕರೆಯುತ್ತಾರೆ. ಆರಂಭದ ದಿನಗಳಲ್ಲಿ ಹಾರಿದ ದೂರವನ್ನು ಅಳೆದು ಅಂಕ ನೀಡುತ್ತಿದ್ದುದೇ ಇದಕ್ಕೆ ಕಾರಣ. ಈಗ ಅನೇಕ ಸಂಸ್ಥೆಗಳು ದೂರದ ಬದಲಿಗೆ ಟಿಕೆಟ್ಟಿಗೆ ತೆತ್ತ ಹಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ.

ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಿನಲ್ಲಿ ಆರಂಭಿಸಿದ ಅಡ್ವಾಂಟೇಜ್ ಯೋಜನೆಯು ಈ ಪದ್ಧತಿಗೆ ವ್ಯಾಪಕ ರೂಪ ಕೊಟ್ಟಿತು. ಯುನೈಟೆಡ್ ಏರ್‌ಲೈನ್ಸ್ ಕೆಲವೇ ದಿನಗಳಲ್ಲಿ ತನ್ನ ಯೋಜನೆಯನ್ನು ಪ್ರಕಟಿಸಿತು. 1983ರಲ್ಲಿ ಹಾಲಿಡೇ ಇನ್ ಮತ್ತು ಮ್ಯಾರಿಯಟ್ ಹೋಟೆಲ್ ಸಮೂಹಗಳು ಇದೇ ದಾರಿಯನ್ನು ಹಿಡಿದವು. ಯೋಜನೆಗಳು ಹೆಚ್ಚಿದಂತೆ ಅವುಗಳ ನಿಯಮಗಳೂ ಜಟಿಲವಾದವು. ಯಾವ ಅಂಕ ಎಷ್ಟು ಕಾಲ ಉಳಿಯುತ್ತದೆ, ಯಾವ ದಿನಗಳಲ್ಲಿ ಉಚಿತ ಆಸನ ದೊರೆಯುವುದಿಲ್ಲ ಎಂಬುದನ್ನು ಹೋಲಿಸಿ ನೋಡುವುದು ಸಾಮಾನ್ಯ ಪ್ರಯಾಣಿಕನಿಗೆ ಕಷ್ಟವಾಯಿತು. ಸದಸ್ಯರ ಅನುಭವವನ್ನೇ ಅಳತೆಗೋಲಾಗಿಸಿದ ಪ್ರಶಸ್ತಿಯೊಂದು ಹುಟ್ಟಿಕೊಂಡದ್ದು ಈ ಸನ್ನಿವೇಶದಲ್ಲಿ.

ಹೆಸರಿನ ಹಿನ್ನೆಲೆ

ಫ್ರೆಡ್ಡಿ ಲೇಕರ್ 1966ರಲ್ಲಿ ಲೇಕರ್ ಏರ್‌ವೇಸ್ ಸಂಸ್ಥೆಯನ್ನು ಸ್ಥಾಪಿಸಿದರು. 1977ರ ಸೆಪ್ಟೆಂಬರ್‌ನಲ್ಲಿ ಲಂಡನ್ ಮತ್ತು ನ್ಯೂಯಾರ್ಕ್ ನಡುವೆ ಅವರು ಆರಂಭಿಸಿದ ಸ್ಕೈಟ್ರೇನ್ ಸೇವೆಯಿಂದಾಗಿ ಅಟ್ಲಾಂಟಿಕ್ ಸಾಗರವನ್ನು ಅಗ್ಗದ ದರದಲ್ಲಿ ದಾಟುವುದು ಸಾಮಾನ್ಯರಿಗೂ ಸಾಧ್ಯವಾಯಿತು. ಆದರೆ ಸಾಲದ ಹೊರೆ ಮತ್ತು ತೀವ್ರ ಪೈಪೋಟಿಯಿಂದ ಸಂಸ್ಥೆಯು 1982ರ ಫೆಬ್ರವರಿಯಲ್ಲಿ ದಿವಾಳಿಯಾಯಿತು. ಲೇಕರ್ 2006ರಲ್ಲಿ ನಿಧನರಾದರು. ಹೀಗೆ, ಪ್ರಯಾಣಿಕರ ಪ್ರೀತಿಯನ್ನು ಗಳಿಸಿಯೂ ಸಂಸ್ಥೆಯನ್ನು ಉಳಿಸಿಕೊಳ್ಳಲಾಗದ ಉದ್ಯಮಿಯೊಬ್ಬರ ಹೆಸರನ್ನು ಈ ಪ್ರಶಸ್ತಿ ಹೊತ್ತಿದೆ.

ಮತದಾನದ ವಿಧಾನ

ಮತದಾನವು ಅಂತರಜಾಲದ ಮೂಲಕ ನಡೆಯುತ್ತದೆ. ಅಲ್ಪಕಾಲದ ವಿರಾಮದ ಬಳಿಕ 2012ರಲ್ಲಿ ಪ್ರಶಸ್ತಿಗಳು ಹೊಸ ರೂಪದಲ್ಲಿ ಮರಳಿದವು. ಮತದಾರರು ತಮಗೆ ಪರಿಚಯವಿರುವ ಯೋಜನೆಗಳಿಗೆ 1ರಿಂದ 10ರವರೆಗೆ ಅಂಕ ನೀಡುತ್ತಾರೆ. ಇದನ್ನು ಮೌಲ್ಯಾಧಾರಿತ ಮತದಾನ ಎನ್ನಬಹುದು.

ಕೇವಲ ಮತಗಳ ಸಂಖ್ಯೆಯನ್ನು ಎಣಿಸಿದರೆ ಸದಸ್ಯಬಲ ಹೆಚ್ಚಿರುವ ಸಂಸ್ಥೆಯೇ ಪ್ರತಿ ಬಾರಿಯೂ ಗೆಲ್ಲುತ್ತದೆ. ಉದಾಹರಣೆಗೆ, ಒಂದು ಯೋಜನೆಗೆ 10,000 ಮಂದಿ ಮತ ನೀಡಿ ಸರಾಸರಿ 6 ಅಂಕ ಕೊಟ್ಟರೆಂದೂ ಇನ್ನೊಂದಕ್ಕೆ 1,000 ಮಂದಿ ಸರಾಸರಿ 9 ಅಂಕ ಕೊಟ್ಟರೆಂದೂ ಭಾವಿಸೋಣ. ಎಣಿಕೆಯಲ್ಲಿ ಮೊದಲನೆಯದು ಮುಂದಿದೆ. ಸದಸ್ಯರ ತೃಪ್ತಿಯಲ್ಲಿ ಎರಡನೆಯದು ಮುಂದಿದೆ. ಅಂಕಗಳನ್ನು ಗಣನೆಗೆ ತೆಗೆದುಕೊಂಡಾಗ ಸಣ್ಣ ಯೋಜನೆಗೂ ದೊಡ್ಡದರ ಎದುರು ಗೆಲ್ಲುವ ಅವಕಾಶ ದೊರೆಯುತ್ತದೆ.

ವಿಭಾಗಗಳು

ಪ್ರಶಸ್ತಿಗಳನ್ನು ಭೌಗೋಳಿಕ ವಲಯಗಳಿಗೆ ಅನುಸಾರವಾಗಿ ನೀಡಲಾಗುತ್ತದೆ. ಪ್ರತಿ ವಲಯದಲ್ಲಿಯೂ ವಿಮಾನ ಮತ್ತು ಹೋಟೆಲ್ ಯೋಜನೆಗಳನ್ನು ಬೇರೆಬೇರೆಯಾಗಿ ಪರಿಗಣಿಸುತ್ತಾರೆ. ಮುಖ್ಯ ವಿಭಾಗಗಳು ಹೀಗಿವೆ:

• ವರ್ಷದ ಅತ್ಯುತ್ತಮ ಯೋಜನೆ
• ಉನ್ನತ ದರ್ಜೆಯ ಸದಸ್ಯರಿಗೆ ಅತ್ಯುತ್ತಮ ಸೌಲಭ್ಯ
• ಅತ್ಯುತ್ತಮ ಪ್ರಚಾರ ಕೊಡುಗೆ
• ಅತ್ಯುತ್ತಮ ಗ್ರಾಹಕ ಸೇವೆ
• ಅಂಕಗಳನ್ನು ಬಳಸಿಕೊಳ್ಳುವ ಅನುಕೂಲ
• ಯೋಜನೆಗೆ ಹೊಂದಿಕೊಂಡ ಅತ್ಯುತ್ತಮ ಕ್ರೆಡಿಟ್ ಕಾರ್ಡ್

ಇವುಗಳಲ್ಲಿ ಅಂಕಗಳ ಬಳಕೆಗೆ ಸಂಬಂಧಿಸಿದ ವಿಭಾಗವು ಸದಸ್ಯರ ದೃಷ್ಟಿಯಿಂದ ಮಹತ್ವದ್ದು. ಅಂಕಗಳನ್ನು ಗಳಿಸುವುದು ಸುಲಭ. ಹಬ್ಬ ಮತ್ತು ರಜೆಯ ದಿನಗಳಲ್ಲಿ ಅವುಗಳಿಂದ ಟಿಕೆಟ್ ಪಡೆಯುವುದು ಕಠಿಣ. ಹೋಟೆಲ್ ಕ್ಷೇತ್ರದಲ್ಲಿ ಸ್ಟಾರ್‌ವುಡ್ ಸಮೂಹವು 1999ರಲ್ಲಿ ಇಂತಹ ನಿಷಿದ್ಧ ದಿನಗಳೇ ಇಲ್ಲದ ಯೋಜನೆಯನ್ನು ತಂದಿತು. ಆ ಯೋಜನೆಯು ಫ್ರೆಡ್ಡಿ ಪ್ರಶಸ್ತಿಗಳನ್ನು ಹಲವು ಬಾರಿ ಗೆದ್ದುಕೊಂಡಿತು. 2019ರಲ್ಲಿ ಅದು ಮ್ಯಾರಿಯಟ್ ಸಮೂಹದ ಬಾನ್‌ವಾಯ್ ಯೋಜನೆಯ ಭಾಗವಾಯಿತು.

ಕಿಂಗ್ ಕ್ಲಬ್

ಕಿಂಗ್‌ಫಿಷರ್ ಏರ್‌ಲೈನ್ಸ್ 2005ರ ಮೇ ತಿಂಗಳಿನಲ್ಲಿ ಹಾರಾಟ ಆರಂಭಿಸಿತು. ಅದರ ಕಿಂಗ್ ಕ್ಲಬ್ ಯೋಜನೆಯಲ್ಲಿ ಕೆಂಪು, ಬೆಳ್ಳಿ, ಚಿನ್ನ ಮತ್ತು ಪ್ಲಾಟಿನಂ ಎಂಬ ನಾಲ್ಕು ದರ್ಜೆಗಳಿದ್ದವು. ಸದಸ್ಯರು ಗಳಿಸುತ್ತಿದ್ದ ಅಂಕಗಳಿಗೆ ಕಿಂಗ್ ಮೈಲಿ ಎಂಬ ಹೆಸರಿತ್ತು. ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು 2003ರಲ್ಲಿ ಬೆಂಗಳೂರಿನಿಂದ ಆರಂಭಿಸಿದ್ದ ಅಗ್ಗದ ದರದ ಏರ್ ಡೆಕ್ಕನ್ ಸಂಸ್ಥೆಯು 2008ರಲ್ಲಿ ಕಿಂಗ್‌ಫಿಷರ್‌ನಲ್ಲಿ ವಿಲೀನವಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೆಂಗಳೂರು–ಲಂಡನ್ ಮಾರ್ಗದೊಂದಿಗೆ ಕಿಂಗ್‌ಫಿಷರ್‌ನ ವಿದೇಶ ಸೇವೆ ಆರಂಭವಾಯಿತು. 21ನೆಯ ಫ್ರೆಡ್ಡಿ ಪ್ರಶಸ್ತಿಗಳಲ್ಲಿ ಕಿಂಗ್ ಕ್ಲಬ್ ಜಪಾನ್, ಪೆಸಿಫಿಕ್, ಏಷ್ಯಾ ಮತ್ತು ಆಸ್ಟ್ರೇಲಿಯ ವಲಯದ ಉನ್ನತ ಗೌರವಗಳನ್ನು ಪಡೆಯಿತು.

ಆ ಗೌರವವು ಯೋಜನೆಯನ್ನು ಕಾಪಾಡಲಿಲ್ಲ. ಸಂಸ್ಥೆಯ ಸಾಲ ಏರುತ್ತ ಹೋಯಿತು. ಒನ್‌ವರ್ಲ್ಡ್ ಒಕ್ಕೂಟವನ್ನು 2012ರ ಫೆಬ್ರವರಿಯಲ್ಲಿ ಸೇರಬೇಕಾಗಿದ್ದ ಕಾರ್ಯಕ್ರಮವನ್ನು ಮುಂದೂಡಲಾಯಿತು. ಆ ಸೇರ್ಪಡೆ ನಡೆದಿದ್ದರೆ ಸದಸ್ಯರು ತಮ ಮೈಲಿಗಳನ್ನು ಒಕ್ಕೂಟದ ಇತರ ಸಂಸ್ಥೆಗಳ ವಿಮಾನಗಳಲ್ಲಿಯೂ ಬಳಸಬಹುದಾಗಿತ್ತು. 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಂತಿತು. ಅದೇ ತಿಂಗಳು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಪರವಾನಗಿಯನ್ನು ಅಮಾನತುಗೊಳಿಸಿತು. ಹಾರುವ ವಿಮಾನಗಳೇ ಇಲ್ಲವಾದಾಗ ಸದಸ್ಯರ ಖಾತೆಯಲ್ಲಿ ಉಳಿದಿದ್ದ ಮೈಲಿಗಳು ಕೇವಲ ಅಂಕಿಗಳಾಗಿ ಉಳಿದವು.

ಜೆಟ್‌ಪ್ರಿವಿಲೇಜ್

ಜೆಟ್‌ಪ್ರಿವಿಲೇಜ್ ಕೂಡ ಫ್ರೆಡ್ಡಿ ಪ್ರಶಸ್ತಿಗಳನ್ನು ಹಲವು ಬಾರಿ ಗೆದ್ದ ಯೋಜನೆ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟವನ್ನು ನಿಲ್ಲಿಸಿತು. ಆದರೆ ಅದರ ಸದಸ್ಯರ ಸ್ಥಿತಿ ಕಿಂಗ್ ಕ್ಲಬ್ ಸದಸ್ಯರಂತಾಗಲಿಲ್ಲ. 2014ರಲ್ಲಿಯೇ ಈ ಯೋಜನೆಯನ್ನು ಪ್ರತ್ಯೇಕ ಕಂಪನಿಯಾಗಿ ಬೇರ್ಪಡಿಸಿ, ಅದರ ಶೇ. 50.1ರಷ್ಟು ಪಾಲನ್ನು ಅಬುಧಾಬಿಯ ಎತಿಹಾದ್ ಏರ್‌ವೇಸ್‌ಗೆ ಮಾರಲಾಗಿತ್ತು. ಆದ್ದರಿಂದ ವಿಮಾನ ಸಂಸ್ಥೆ ಮುಚ್ಚಿದರೂ ಯೋಜನೆ ಉಳಿಯಿತು. 2019ರ ನವೆಂಬರ್‌ನಲ್ಲಿ ಇಂಟರ್‌ಮೈಲ್ಸ್ ಎಂಬ ಹೊಸ ಹೆಸರು ಪಡೆಯಿತು. ಪ್ರಶಸ್ತಿಗಳು ಎರಡೂ ಯೋಜನೆಗಳಿಗೆ ಸಂದಿದ್ದವು. ಸದಸ್ಯರ ಅಂಕಗಳನ್ನು ಉಳಿಸಿದ್ದು ಮಾತ್ರ ಒಡೆತನದ ರಚನೆ.

ಮಿತಿಗಳು

ಮತದಾರನು ತಾನು ಕಂಡ ಸೇವೆಯನ್ನು ಮಾತ್ರ ಅಳೆಯಬಲ್ಲನು. ಸಂಸ್ಥೆಯ ಸಾಲ, ನಷ್ಟ, ಬಾಕಿ ವೇತನ ಮುಂತಾದವು ಅವನ ಮತಪತ್ರದಲ್ಲಿ ಇರುವುದಿಲ್ಲ. ಅಂಕಗಳ ಮೌಲ್ಯವನ್ನು ನಿರ್ಧರಿಸುವ ಮತ್ತು ಬದಲಿಸುವ ಹಕ್ಕನ್ನು ಸಾಮಾನ್ಯವಾಗಿ ಸಂಸ್ಥೆಗಳೇ ಉಳಿಸಿಕೊಂಡಿರುತ್ತವೆ. ಬ್ಯಾಂಕಿನ ಠೇವಣಿಗೆ ಇರುವಂತಹ ವಿಮೆ ಇವುಗಳಿಗಿಲ್ಲ. ಸಂಸ್ಥೆಗಳು ತಮ್ಮ ಸದಸ್ಯರಿಗೆ ಪತ್ರ ಬರೆದು ಮತ ಕೇಳುವುದೂ ಉಂಟು. ಮತ ಹಾಕುವವರಲ್ಲಿ ಯೋಜನೆಯನ್ನು ಆಸಕ್ತಿಯಿಂದ ಅನುಸರಿಸುವವರೇ ಹೆಚ್ಚಿರುವುದರಿಂದ ವರ್ಷಕ್ಕೊಮ್ಮೆ ಪ್ರಯಾಣಿಸುವವರ ಅಭಿಪ್ರಾಯ ಹಿಂದೆ ಉಳಿಯಬಹುದು.

ಸ್ಥಳದ ಪ್ರಶ್ನೆಯೂ ಇದೆ. ವಲಯದ ಸರಾಸರಿ ಅಂಕವು ಎಲ್ಲ ಊರುಗಳ ಪ್ರಯಾಣಿಕರಿಗೂ ಒಂದೇ ಅರ್ಥ ಕೊಡುವುದಿಲ್ಲ. ಬುರಣಾಪುರದ ಬಳಿ ವಿಮಾನ ನಿಲ್ದಾಣದ ಕಾಮಗಾರಿ ನಡೆಯುತ್ತಿದ್ದಾಗ ವಿಜಯಪುರದ ಪ್ರಯಾಣಿಕರು ಬೆಳಗಾವಿ ಅಥವಾ ಹುಬ್ಬಳ್ಳಿಯಂತಹ ಊರುಗಳ ನಿಲ್ದಾಣಗಳನ್ನು ಆಶ್ರಯಿಸಬೇಕಿತ್ತು. ಹಲವು ಸಂಸ್ಥೆಗಳ ವಿಮಾನಗಳಿರುವ ಬೆಂಗಳೂರಿನಲ್ಲಿ ಆಯ್ಕೆಗೆ ಅವಕಾಶವಿದೆ. ಕೆಲವೇ ವಿಮಾನಗಳು ಬರುವ ನಿಲ್ದಾಣದಲ್ಲಿ, ಅಲ್ಲಿಂದ ಹಾರುವ ಸಂಸ್ಥೆಯ ಅಂಕವೇ ಬಳಕೆಗೆ ಬರುವ ಅಂಕ. ಪ್ರಶಸ್ತಿ ಪಡೆದ ಯೋಜನೆ ಬೇರೆಯದಾದರೆ ಅದರಿಂದ ಅಲ್ಲಿನವರಿಗೆ ಪ್ರಯೋಜನ ಕಡಿಮೆ.

ಇತರ ಪ್ರಶಸ್ತಿಗಳು

ಲಂಡನ್ನಿನ ಸ್ಕೈಟ್ರ್ಯಾಕ್ಸ್ ಸಂಸ್ಥೆಯ ವಿಶ್ವ ವಿಮಾನಯಾನ ಪ್ರಶಸ್ತಿಗಳೂ ಪ್ರಯಾಣಿಕರ ಸಮೀಕ್ಷೆಯನ್ನು ಆಧರಿಸಿವೆ. ಆದರೆ ಅವು ಮುಖ್ಯವಾಗಿ ವಿಮಾನ ಸೇವೆಯನ್ನು ಪರಿಗಣಿಸುತ್ತವೆ. ಕಿಂಗ್‌ಫಿಷರ್‌ಗೆ ದೊರೆತಿದ್ದ ಸ್ಕೈಟ್ರ್ಯಾಕ್ಸ್‌ನ ಪಂಚತಾರಾ ಶ್ರೇಣಿ ಇದಕ್ಕಿಂತ ಭಿನ್ನವಾದುದು. ಅದನ್ನು ಸಂಸ್ಥೆಯ ಪರಿಶೀಲಕರು ನಿರ್ಧರಿಸುತ್ತಾರೆ. ವಿಮಾನ ನಿಲ್ದಾಣಗಳ ವಿಷಯದಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಗಳ ಮಂಡಳಿಯು ಪ್ರಯಾಣಿಕರನ್ನು ನಿಲ್ದಾಣದಲ್ಲಿಯೇ ಪ್ರಶ್ನಿಸಿ ಸೇವಾ ಗುಣಮಟ್ಟದ ಪ್ರಶಸ್ತಿಗಳನ್ನು ನೀಡುತ್ತದೆ. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು 2022ನೆಯ ಸಾಲಿಗೆ ಆಗಮನ ವಿಭಾಗದಲ್ಲಿ ಈ ಪ್ರಶಸ್ತಿಯನ್ನು ಪಡೆದಿದೆ.