ಬಟ್ಟೆಯ ಎಳೆಯೂ ಚೆಂಬೂರಿನ ಗಾಳಿಯೂ

ಉದ್ಯೋಗವನ್ನರಸಿ ಬಂದು ಚೆಂಬೂರಿನಲ್ಲಿ ನೆಲೆಸಿದ ಕನ್ನಡಿಗರಿಗೆ ಇಲ್ಲಿಯ ಗಾಳಿಯ ವಾಸನೆ ಹೊಸತಲ್ಲ. 1950ರ ದಶಕದಲ್ಲಿ ಮಾಹುಲ್ ಪರಿಸರದಲ್ಲಿ ತೈಲ ಶುದ್ಧೀಕರಣಾಗಾರಗಳು ತಲೆಯೆತ್ತಿದವು; ಬಳಿಕ ರಸಗೊಬ್ಬರದ ಕಾರ್ಖಾನೆ ಬಂದಿತು. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಮಾಹುಲ್ ಹಾಗೂ ಅಂಬಾಪಾಡಾ ನಿವಾಸಿಗಳ ಆರೋಗ್ಯಕ್ಕೆ ವಾಯುಮಾಲಿನ್ಯದಿಂದ ಅಪಾಯವಿದೆಯೆಂದು ತೀರ್ಪಿತ್ತಿತು. 2016ರ ಜನವರಿಯಲ್ಲಿ ದೇವನಾರದ ಕಸದ ರಾಶಿಗೆ ಬೆಂಕಿ ಬಿದ್ದಾಗ ದಟ್ಟವಾದ ಹೊಗೆ ಕವಿದಿತ್ತು. ಇಂತಹ ಗಾಳಿಯಿಂದ ಮೂಗಿಗೆ ಕಟ್ಟಿದ ಬಟ್ಟೆ ನಮ್ಮನ್ನು ಎಷ್ಟರಮಟ್ಟಿಗೆ ಕಾಪಾಡೀತು?

ಮಾಲಿನ್ಯದ ಲೆಕ್ಕದಲ್ಲಿ ಎರಡು ಬಾಬುಗಳಿವೆ: ಒಂದು ಧೂಳು, ಇನ್ನೊಂದು ಅನಿಲ. 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಕೈವಸ್ತ್ರದ ನೂಲುಗಳ ನಡುವಣ ಸಂದುಗಳು ಇವಕ್ಕಿಂತ ಬಹಳ ದೊಡ್ಡವು. ಎನ್-95 ಮುಖಗವಸು ಮುಖಕ್ಕೆ ಬಿಗಿಯಾಗಿ ಹೊಂದಿಕೊಂಡರೆ ಸೂಕ್ಷ್ಮ ಕಣಗಳನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಬೆಂಜೀನ್, ಅಮೋನಿಯದಂತಹ ಅನಿಲಗಳು ಅದನ್ನೂ ದಾಟಿ ಹೋಗುತ್ತವೆ.

ಅನಿಲವನ್ನು ಹಿಡಿಯಲು ಎಳೆಗಳಿಗೆ ರಂಧ್ರಮಯ ವಸ್ತುವಿನ ಲೇಪ ಬೇಕು. ತೆಂಗಿನ ಚಿಪ್ಪಿನಿಂದ ತಯಾರಾಗುವ ಸಕ್ರಿಯ ಇದ್ದಿಲು ಇದಕ್ಕೆ ಉತ್ತಮ ನಿದರ್ಶನ. ಅದರ ಒಂದು ಗ್ರಾಮಿನ ಒಳಮೇಲ್ಮೈಯನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು 1000 ಚದರ ಮೀಟರ್ ಆದೀತು! ಅನಿಲದ ಅಣುಗಳು ಆ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ವಿಷಾನಿಲ ಮುಖವಾಡಗಳಲ್ಲಿಯೂ ಇಂತಹ ಇದ್ದಿಲನ್ನು ಬಳಸಿದ್ದರು. ಬೆಂಜೀನನ್ನು ಇದು ಸುಲಭವಾಗಿ ಹಿಡಿಯುತ್ತದೆ. ಅಮೋನಿಯಕ್ಕೆ ಬರಿಯ ಇದ್ದಿಲು ಸಾಲದು, ಅದನ್ನು ಬೇರೆ ರಾಸಾಯನಿಕದಿಂದ ಸಂಸ್ಕರಿಸಬೇಕು. ಲೋಹ ಹಾಗೂ ಸಾವಯವ ಅಣುಗಳನ್ನು ಹೆಣೆದು ಕಟ್ಟಿದ ಹೊಸ ರಂಧ್ರಮಯ ಹರಳುಗಳ ಸಂಶೋಧನೆಗಾಗಿ ಕಿಟಗಾವಾ, ರಾಬ್ಸನ್, ಯಾಘಿ ಎಂಬ ವಿಜ್ಞಾನಿಗಳಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಬೇಕಾದ ಅನಿಲಕ್ಕೆ ತಕ್ಕಂತೆ ಇವುಗಳ ರಂಧ್ರವನ್ನು ರೂಪಿಸಬಹುದು. ಪ್ರಯೋಗಾಲಯಗಳಲ್ಲಿ ಹತ್ತಿಯ ಎಳೆಗಳ ಮೇಲೆಯೇ ಇವನ್ನು ಬೆಳೆಸಿದ್ದಾರೆ.

ಆದರೂ ವಾಚಕರು ಒಂದು ಮಾತನ್ನು ಮರೆಯಬಾರದು. ಬ್ಯಾಂಕಿನ ಲಾಕರಿನಂತೆ ಈ ರಂಧ್ರಗಳೂ ಒಮ್ಮೆ ತುಂಬಿದರೆ ಮುಗಿಯಿತು; ನೀರಿನಲ್ಲಿ ತೊಳೆದ ಮಾತ್ರಕ್ಕೆ ಬರಿದಾಗವು. ಇದ್ದಿಲಿನ ಮುಖಗವಸನ್ನು ಕಾಲಕಾಲಕ್ಕೆ ಬದಲಿಸಲೇಬೇಕು. ಉಬ್ಬಸ ಅಥವಾ ಹೃದ್ರೋಗವುಳ್ಳವರು ಬಿಗಿಯಾದ ಗವಸನ್ನು ವೈದ್ಯರ ಸಲಹೆ ಪಡೆದೇ ಧರಿಸುವುದು ಲೇಸು.

ಮಗುವಾಗಲಿ ಮುದುಕರಾಗಲಿ ಇಪ್ಪತ್ತನಾಲ್ಕು ಗಂಟೆಯೂ ಮುಖಗವಸು ತೊಟ್ಟು ಬಾಳಲಾರರು. ಕಾರ್ಖಾನೆಯ ಹೊಗೆಯ ಧೂಳನ್ನು ಬಟ್ಟೆಯ ಚೀಲಗಳಿಂದಲೂ ಅನಿಲವನ್ನು ಇದ್ದಿಲಿನ ಪದರಗಳಿಂದಲೂ ಸೋಸುವ ವಿಧಾನಗಳು ಬಹುಕಾಲದಿಂದ ಬಳಕೆಯಲ್ಲಿವೆ. ಶೋಧಕವು ನಮ್ಮ ಮೂಗಿಗೆ ಬರುವ ಮೊದಲು ಚಿಮಣಿಯಲ್ಲಿರಬೇಕೆಂದು ನಾಗರಿಕರೆಲ್ಲರೂ ಒಕ್ಕೊರಲಿನಿಂದ ಕೇಳುವುದು ಅವಶ್ಯ.