ಎಲೆಯೇರಿದ ದೇವಿ

ಇಸ್ಪೀಟಿನಲ್ಲಿ ರಾಜನಿಗಿಂತ ರಾಣಿಗೆ ಬೆಲೆ ಕಡಮೆ. ಅದೇಕೆಂದು ಕೇಳಿದವರು ವಿರಳ. ಮೈಸೂರಿನ ಅರಮನೆಯಲ್ಲಾದರೋ ದೇವಿಯ ಹೆಸರಿನದೇ ಒಂದು ಆಟವಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ರೂಪಿಸಿದ ಗಂಜೀಫಾ ಆಟಗಳಲ್ಲೊಂದಾದ ಚಾಮುಂಡೇಶ್ವರಿ ಛದಕ್ಕೆ 320 ಎಲೆಗಳು! ಅಷ್ಟನ್ನೂ ಆಡಿ ಮುಗಿಸುವ ಬಿಡುವು ಅರಮನೆಯವರಿಗಲ್ಲದೆ ಇನ್ನಾರಿಗಿದ್ದೀತು? ಅವರ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಈ ಆಟಗಳ ವಿವರವಿದೆ.

ಹದಿನೈದನೆಯ ಶತಮಾನದ ಇಟಲಿಯಲ್ಲಿ ಆಟವಾಗಿ ಹುಟ್ಟಿ, ಮುಂದೆ ಭವಿಷ್ಯ ನುಡಿಯುವ ಸಾಧನವಾದ ಟ್ಯಾರೋ ಎಲೆಗಳಿಗೂ ಇಂಥದೇ ಯೋಗ ಬಂದಿತು. ಚಕ್ರವರ್ತಿ, ಪೋಪರು ಗಂಭೀರವಾಗಿ ಕುಳಿತಿದ್ದ ಆ ಎಲೆಗಳನ್ನು ಅಮೆರಿಕದ ವಿಕಿ ನೋಬಲ್ ಹಾಗೂ ಕರೆನ್ ವೋಗೆಲ್ ಎಂಬ ಮಹಿಳೆಯರು ಸ್ತ್ರೀದೃಷ್ಟಿಯಿಂದ ಪುನಃ ಚಿತ್ರಿಸಿ, ನಾನಾ ದೇಶಗಳ ದೇವಿಯರನ್ನು ಅಲ್ಲಿಗೆ ಕರೆತಂದರು. 1981ರಲ್ಲಿ ಪ್ರಕಟವಾದ ಈ ‘ಮದರ್‌ಪೀಸ್’ ಎಲೆಗಳು ಗಂಜೀಫಾದಂತೆಯೇ ದುಂಡಗಿವೆ. ಆದರೆ ಮೈಸೂರಿನಲ್ಲಿ ದೇವಿಯನ್ನು ಎಲೆಗೆ ಬರಮಾಡಿಕೊಂಡವರು ಅವಳ ಭಕ್ತರಾದ ಅರಸರು. ಅಲ್ಲಿ ಕುಂಚ ಹಿಡಿದವರು ಸ್ವತಃ ಸ್ತ್ರೀಯರು.