ತಪ್ಪಿದ ಹೆಜ್ಜೆ ಹುಡುಕುವವರು

ಕಮಲದ ಅರ್ಧ ಹೂವು ಸರಿಯಾಗಿ ಕೊರೆದಿದೆ, ಉಳಿದರ್ಧ ನಾಲ್ಕು ಮಿಲಿಮೀಟರ್ ಪಕ್ಕಕ್ಕೆ ಜರುಗಿದೆ. ದೇವರಮನೆ ಬಾಗಿಲಿಗೆಂದು ತಂದ ತೇಗದ ಹಲಗೆ ದಂಡ. ದಾವಣಗೆರೆಯ ಮರಗೆಲಸದ ಶೆಡ್‌ಗಳಲ್ಲಿ ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಸಿಎನ್‌ಸಿ ರೂಟರ್ ಇಟ್ಟುಕೊಂಡವರು ಇಂಥ ಹೊತ್ತಲ್ಲಿ ‘ಸ್ಟೆಪ್ ಬಿಟ್ಟೈತಿ’ ಅನ್ನುತ್ತಾರೆ. ಆಗ ಹಲವರು ಫೋನ್ ಮಾಡುವುದು ಹರಿಹರದ ಒಬ್ಬ ಮೆಕ್ಯಾನಿಕ್‌ಗೆ. ‘ಹೆಸರು ಹಾಕಬ್ಯಾಡ್ರಿ, ಈಗ್ಲೇ ಫೋನು ಜಾಸ್ತಿ’ ಎಂಬ ಷರತ್ತಿನ ಮೇಲೆ ಮಾತಿಗೆ ಸಿಕ್ಕವರು.

ಅವರ ಚೀಲದಲ್ಲಿರುವುದು ಮಲ್ಟಿಮೀಟರ್, ಅಲೆನ್ ಕೀ, ಒಂದು ಮಾರ್ಕರ್ ಪೆನ್. ಎಲೆಕ್ಟ್ರಾನಿಕ್ಸ್ ಪೆಟ್ಟಿಗೆಗೆ ಅವರು ಮೊದಲೇ ಕೈ ಹಾಕುವುದಿಲ್ಲ. ಕರೆಂಟ್ ತೆಗೆದು, ಟೂಲನ್ನು ಸರಿಸುವ ಉದ್ದನೆಯ ಸ್ಕ್ರೂವನ್ನು ಕೈಯಲ್ಲೇ ತಿರುಗಿಸುತ್ತಾರೆ. ಎಲ್ಲಾದರೂ ಬಿಗಿಯಾದರೆ ಅಲ್ಲಿ ಎಂಡಿಎಫ್ ಹಲಗೆಯ ಧೂಳು ಕೂತಿದೆ ಎಂದೇ ಮೊದಲ ಅನುಮಾನ. ಆಮೇಲೆ ಮೋಟಾರಿನ ಶಾಫ್ಟ್ ಮತ್ತು ಅದನ್ನು ಸ್ಕ್ರೂಗೆ ಜೋಡಿಸುವ ಕಪ್ಲಿಂಗ್ ಎರಡರ ಮೇಲೂ ಹಾಯುವಂತೆ ಮಾರ್ಕರ್‌ನಿಂದ ಒಂದು ಗೆರೆ. ಮಷಿನ್ ಸ್ವಲ್ಪ ಹೊತ್ತು ಓಡಿದ ಮೇಲೆ ಗೆರೆ ಎರಡಾಗಿದ್ದರೆ ಕಪ್ಲಿಂಗನ್ನು ಬಿಗಿದಿಡುವ ಗ್ರಬ್ ಸ್ಕ್ರೂ ಸಡಿಲವಾಗಿದೆ. ಖರ್ಚಿಲ್ಲದ ರಿಪೇರಿ. ಅಷ್ಟರೊಳಗೆ ಮೋಟಾರಿಗೆ ಕರೆಂಟ್ ಹರಿಸುವ ಹೊಸ ಡ್ರೈವರ್ ಕೊಂಡುತಂದ ಮಾಲೀಕರ ಮುಖ ನೋಡಬೇಕು!

ಈ ಮಷಿನ್ ಓಡಿಸುವ ಸ್ಟೆಪ್ಪರ್ ಮೋಟಾರು ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ಸಾಮಾನ್ಯವಾಗಿ ಒಂದು ಸುತ್ತಿಗೆ 200 ಹೆಜ್ಜೆ, ಹೆಜ್ಜೆಗೆ 1.8 ಡಿಗ್ರಿ. ಡ್ರೈವರ್ ಒಂದೊಂದು ಹೆಜ್ಜೆಯನ್ನೂ ಹತ್ತಾಗಿ ಒಡೆದರೆ ಸುತ್ತಿಗೆ 2000 ಪಲ್ಸ್. ಸುತ್ತಿಗೆ 5 ಮಿ.ಮೀ. ಸರಿಯುವ ಸ್ಕ್ರೂ ಇದ್ದರೆ ಮಿಲಿಮೀಟರಿಗೆ 400. ಕಂಟ್ರೋಲರ್ ಪಲ್ಸ್ ಕಳಿಸುತ್ತದೆ, ಮೋಟಾರು ನಿಜಕ್ಕೂ ತಿರುಗಿತೇ ಎಂದು ಕೇಳುವುದಿಲ್ಲ. ಪೋಸ್ಟ್ ಮಾಡಿದ ಪತ್ರ ತಲುಪಿತೋ ಇಲ್ಲವೋ ನೋಡದ ಮನುಷ್ಯನಂತೆ. ಒಂದು ಕಡೆ ಜಾರಿದ ಹೆಜ್ಜೆ ಕೊನೆಯವರೆಗೂ ಹಾಗೇ ಉಳಿದು, ಮುಂದಿನ ಕೊರೆತವೆಲ್ಲ ಪಕ್ಕಕ್ಕೆ ಸರಿಯುತ್ತದೆ. ಇಡೀ ಚಿತ್ರವೇ ದುಪ್ಪಟ್ಟು ಅಥವಾ ಅರ್ಧ ಗಾತ್ರದಲ್ಲಿ ಬಂದರೆ ಮಾತ್ರ ಅದು ಸೆಟ್ಟಿಂಗ್ ತಪ್ಪು. ಡ್ರೈವರ್ ಬದಿಯ ಪುಟ್ಟ ಸ್ವಿಚ್‌ಗಳನ್ನೂ ಕಂಟ್ರೋಲರ್‌ನಲ್ಲಿರುವ ಲೆಕ್ಕವನ್ನೂ ತಾಳೆ ಹಾಕಬೇಕು.

ಮೋಟಾರು ತಿರುಗದೆ ಬರೀ ನಡುಗುತ್ತಿದ್ದರೆ? ಎರಡು ಕಾಯಿಲ್‌ಗಳಲ್ಲಿ ಒಂದಕ್ಕೆ ಕರೆಂಟ್ ಹೋಗುತ್ತಿಲ್ಲವೆಂಬುದು ಅವರ ಮೊದಲ ಊಹೆ. ಟೂಲ್ ಹೊತ್ತು ಓಡಾಡುವ ಗ್ಯಾಂಟ್ರಿಯ ಜೊತೆ ದಿನವಿಡೀ ಮಡಚಿ ಬಿಚ್ಚುವ ಕೇಬಲ್ ಚೈನಿನೊಳಗೆ ತಂತಿ ತುಂಡಾಗಿರುತ್ತದೆ, ಹೊರಗಿನ ತೊಗಲು ಮಾತ್ರ ನೆಟ್ಟಗಿರುತ್ತದೆ. ಎರಡೂ ಕಾಯಿಲ್‌ಗಳ ಓಮ್ ಸುಮಾರು ಸಮ ಇರಬೇಕು. ಆಗಲೂ ಗೊತ್ತಾಗದಿದ್ದರೆ ಎಕ್ಸ್ ಮತ್ತು ವೈ ದಿಕ್ಕಿನ ಮೋಟಾರುಗಳ ವೈರ್‌ಗಳನ್ನು ಡ್ರೈವರ್ ಹತ್ತಿರ ಅದಲು ಬದಲು ಮಾಡುತ್ತಾರೆ. ರೋಗ ಇನ್ನೊಂದು ಮೋಟಾರಿಗೆ ಹಾರಿದರೆ ತಪ್ಪು ಡ್ರೈವರ್ ಕಡೆಯದು. ಅದೇ ಮೋಟಾರಿನಲ್ಲಿ ಉಳಿದರೆ ಮೋಟಾರು ಅಥವಾ ಕೇಬಲ್ಲಿನದು. ‘ಕರೆಂಟ್ ಇದ್ದಾಗ ಮಾತ್ರ ಮೋಟಾರ್ ವೈರ್ ಕೀಳಬ್ಯಾಡ್ರಿ, ಡ್ರೈವರ್ ಸುಟ್ಟು ಹೊಕ್ಕತಿ’ ಎಂಬುದನ್ನು ಅವರು ಪ್ರತಿ ಶೆಡ್‌ನಲ್ಲೂ ಹೇಳುತ್ತಾರೆ.

ಟೂಲನ್ನು ತಿರುಗಿಸುವ ಸ್ಪಿಂಡಲ್ ಓಡುವಾಗ ಮಾತ್ರ ಬರುವ ತೊಂದರೆ ಅವರಿಗೆ ಇಷ್ಟದ ಒಗಟು. ಟೂಲನ್ನು ಮೇಲೆತ್ತಿ, ಮರ ಮುಟ್ಟದಂತೆ ಅದೇ ಫೈಲನ್ನು ಓಡಿಸುತ್ತಾರೆ: ಒಮ್ಮೆ ಸ್ಪಿಂಡಲ್ ನಿಲ್ಲಿಸಿ, ಒಮ್ಮೆ ಚಾಲೂ ಮಾಡಿ. ಎರಡನೆಯ ಸಲ ಮಾತ್ರ ಟೂಲು ಹೊರಟ ಜಾಗಕ್ಕೆ ಮರಳದಿದ್ದರೆ, ಸ್ಪಿಂಡಲ್ ವೇಗ ನಿಯಂತ್ರಿಸುವ ವಿಎಫ್‌ಡಿಯ ವಿದ್ಯುತ್ ಗದ್ದಲ ಸಿಗ್ನಲ್ ವೈರಿಗೆ ನುಗ್ಗುತ್ತಿದೆ. ಶೀಲ್ಡ್ ಇರುವ ಕೇಬಲ್, ಸರಿಯಾದ ಅರ್ಥಿಂಗ್, ಸ್ಪಿಂಡಲ್ ವೈರಿಗೂ ಸಿಗ್ನಲ್ ವೈರಿಗೂ ನಡುವೆ ಒಂದಿಷ್ಟು ಅಂತರ ಇದರ ಮದ್ದು. ಎರಡೂ ಸಲ ಸರಿ ಬಂದರೆ ಮರ ಕೊರೆಯುವ ಹೊರೆಯ ಮೇಲೆ ಅನುಮಾನ, ಕತ್ತರಿಸುವ ವೇಗ ಇಳಿಸಬೇಕು. ವೇಗ ಏರಿದಷ್ಟೂ ಸ್ಟೆಪ್ಪರಿನ ಬಲ ಕುಗ್ಗುತ್ತದೆ.

ಈ ವಿದ್ಯೆ ಹರಿಹರದಲ್ಲಿ ಬೆಳೆದದ್ದಕ್ಕೆ ಹಿನ್ನೆಲೆಯಿದೆ. 1941ರಲ್ಲಿ ಇಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಲೇತ್ ಕಟ್ಟುತ್ತಿತ್ತು. ಯಂತ್ರಪುರ ಎಂಬ ಬಡಾವಣೆಯೇ ಎದ್ದಿತು. ಈ ಮೆಕ್ಯಾನಿಕ್‌ನ ತಂದೆ ಆ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ಕಾರ್ಖಾನೆ ಮುಚ್ಚಿದರೂ ಕೈ ಪಳಗಿದವರ ಮನೆಗಳು ಊರಲ್ಲಿ ಉಳಿದವು. ಅಂದು ಯಂತ್ರ ಇಲ್ಲಿಂದ ಹೊರಗೆ ಹೋಗುತ್ತಿತ್ತು, ಇಂದು ಪೆಟ್ಟಿಗೆಯಲ್ಲಿ ಒಳಗೆ ಬರುತ್ತದೆ, ಬಹಳ ಸಲ ಓದಲು ಬಾರದ ಕೈಪಿಡಿಯೊಂದಿಗೆ.

ಮೋಟಾರು ಎಷ್ಟು ತಿರುಗಿತೆಂದು ತಿಳಿಸುವ ಎನ್‌ಕೋಡರ್ ಇರುವ ಸ್ಟೆಪ್ಪರ್‌ಗಳು ಬಂದಿವೆ. ಆದರೆ ಸಡಿಲ ಸ್ಕ್ರೂ, ತುಂಡಾದ ತಂತಿ ಹುಡುಕಲು ಮನುಷ್ಯ ಬೇಕೇ ಬೇಕು. ದಾವಣಗೆರೆ–ಹರಿಹರದ ಐಟಿಐಗಳು ಇಂಥ ರಿಪೇರಿಗಾರರನ್ನು ವಾರಕ್ಕೊಂದು ದಿನ ಕರೆಸಿ, ಕೆಟ್ಟ ಮಷಿನ್ನನ್ನೇ ಮುಂದಿಟ್ಟು ಪಾಠ ಮಾಡಿಸಬಾರದೇಕೆ? ಸದ್ಯಕ್ಕೆ ಈ ತಿಳಿವಳಿಕೆ ಒಬ್ಬರಿಂದ ಒಬ್ಬರಿಗೆ ದಾಟುತ್ತಿದೆ, ಅದೂ ಅರೆಬರೆ. ಹರಿಹರದ ಈ ಮೆಕ್ಯಾನಿಕ್ ಹತ್ತಿರ ಕಲಿತ ಇಬ್ಬರು ಹುಡುಗರು ಬೆಂಗಳೂರಿನ ಪೀಣ್ಯ ಸೇರಿದ್ದಾರೆ. ಬೇಸರವೇ ಎಂದರೆ, ‘ಹೋಗ್ಲಿ ಬಿಡ್ರಿ, ಅಲ್ಲೂ ಮಷಿನ್ ಕೆಡ್ತಾವಲ್ಲ’ ಎಂದರು. ಮೂರನೆಯ ಹುಡುಗ ಇನ್ನೂ ಸಿಕ್ಕಿಲ್ಲ.